ಪಾರಿಜಾತಕ್ಕೆ ಎಷ್ಟು ಎಸಳು

ಭಾಲ್ಕಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ ಬೀದರಿನ ನನ್ನ ಮನೆಯ ಪಡಸಾಲೆಯಲ್ಲಿ ಮೂರು ಮಕ್ಕಳಿಗೆ ಪಾಠ ಹೇಳತೊಡಗಿದೆ. ಮೂವರೂ ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುತ್ತಿದ್ದವರು. ಇಬ್ಬರು ನಮ್ಮ ಚರ್ಚಿನ ನರ್ಸೊಬ್ಬರ ಮಕ್ಕಳು, ಅಕ್ಕ ಮತ್ತು ತಮ್ಮ. ಮೂರನೆಯವಳು ಒಂಬತ್ತು ವರ್ಷದ ಹುಡುಗಿ. ಅವಳ ತಂದೆ ಊರ ಪಕ್ಕದ ಕೊಳಾರದ ಗೋದಾಮೊಂದರಲ್ಲಿ ಕೆಲಸಕ್ಕಿದ್ದರು. ದಮ್ಮಿನ ಕಾಟದಿಂದ ಮೇಲಿಂದ ಮೇಲೆ ಶಾಲೆ ತಪ್ಪಿಸಿಕೊಂಡು ಕೊನೆಗೆ ಬಿಟ್ಟೇ ಬಿಟ್ಟಿದ್ದಳು. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ. ಎರಡರಲ್ಲೂ ಮಾತು ಕಡಿಮೆ. ಎಣಿಸುವಾಗ ತುಟಿ ಅಲ್ಲಾಡಿಸುತ್ತಿದ್ದಳು. ಅದಷ್ಟನ್ನೇ ನೋಡಿ ನಾನು ಅವಳನ್ನು ತುಸು ಮಂದ ಎಂದು ತೀರ್ಮಾನಿಸಿಬಿಟ್ಟಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ನಿಸರ್ಗದಲ್ಲಿ ಅಡಗಿರುವ ಸಂಖ್ಯೆಗಳ ಪಾಠ ಹಿಡಿದೆ. ಒಂದು, ಒಂದು, ಎರಡು, ಮೂರು, ಐದು, ಎಂಟು, ಹದಿಮೂರು. ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು ಸಿಗುತ್ತದೆ. ಹೂವಿನ ಎಸಳುಗಳು ಈ ಸಾಲಿನಲ್ಲೇ ಬರುತ್ತವೆ ಎಂದು ಹೇಳಿದೆ. ‘ಬಹಳಷ್ಟು ಸಲ’ ಎಂದು ಸೇರಿಸಬೇಕಿತ್ತು, ಸೇರಿಸಲಿಲ್ಲ. ಮಕ್ಕಳು ದಾಸವಾಳ, ಎಕ್ಕ, ನಂದಿಬಟ್ಟಲು ತಂದು ಎಣಿಸಿದರು. ಎಲ್ಲವೂ ಐದು. ಅವರ ಕಣ್ಣು ಹೊಳೆದದ್ದು ಕಂಡು, ಇನ್ನೂ ನಾನು ಕಲಿಸಬಲ್ಲೆ ಎಂದು ಒಳಗೊಳಗೇ ಹಿಗ್ಗಿದೆ.

ಆಮೇಲೆ ಅವರನ್ನು ಔರಾದ ತಾಲೂಕಿನ ಠಾಣಾ ಕುಶನೂರಿಗೆ ಕರೆದೊಯ್ದೆ. ಅಲ್ಲಿ ನರ್ಸಿನ ಅಣ್ಣನ ಹೊಲ, ತೊಗರಿಯ ಪಕ್ಕ ಒಂದು ತುಂಡು ಸೂರ್ಯಕಾಂತಿ. ಹೂವಿನ ನಡುವಿನ ಬೀಜಗಳೂ ಅದೇ ಸಾಲಿನ ಸಂಖ್ಯೆಗಳಲ್ಲಿ, ಒಂದು ಕಡೆಗೆ ಮೂವತ್ತನಾಲ್ಕು, ಇನ್ನೊಂದು ಕಡೆಗೆ ಐವತ್ತೈದು ಸುರುಳಿಯಾಗಿ ತಿರುಗಿರುತ್ತವೆ ಎಂದು ತೋರಿಸಬೇಕಿತ್ತು. ಮಕ್ಕಳಿಗೆ ಹೇಳದ ಒಂದು ಮಾತಿತ್ತು. ಹಿಂದಿನ ದಿನವೇ ನಾನೊಬ್ಬಳೇ ಬಸ್ಸು ಹತ್ತಿ ಹೋಗಿ, ಹೂಗಳನ್ನು ಎಣಿಸಿ, ಲೆಕ್ಕ ಸರಿ ಬಂದ ನಾಲ್ಕಕ್ಕೆ ದಾರ ಕಟ್ಟಿ ಬಂದಿದ್ದೆ. ಚೆನ್ನಾಗಿ ಬಲಿತವಕ್ಕೆ ದಾರ ಕಟ್ಟಿದೆ ಎಂದು ಅವರನ್ನು ನಂಬಿಸಿದೆ. ದೊಡ್ಡ ಹುಡುಗಿ, ನರ್ಸಿನ ಮಗಳು, ದಾರವಿಲ್ಲದ ಒಂದನ್ನು ಎಣಿಸಿ, “ಟೀಚರ್, ಇದ್ರಾಗ ಲೆಕ್ಕ ಕೂಡವಲ್ದು” ಅಂದಳು. “ಅದಕ್ಕ ಹುಳ ಹತ್ಯದ, ಬಿಡು” ಅಂದೆ. ಹುಳ ಏನೂ ಹತ್ತಿರಲಿಲ್ಲ.

ಮರಳಿ ಬಂದ ಮೇಲೆ, ಮನೆಯ ಹತ್ತಿರ ಸಿಗುವ ಯಾವುದಾದರೂ ಒಂದೇ ಜಾತಿಯ ನಲವತ್ತು ಹೂಗಳ ಎಸಳು ಎಣಿಸಿ ಬರೆದು ತರಲು ಹೇಳಿದೆ. ಒಂಬತ್ತು ವರ್ಷದ ಸಣ್ಣ ಹುಡುಗಿ ತನ್ನ ಅಂಗಳದ ಪಾರಿಜಾತ ಎಣಿಸಿದ್ದಳು. ಐದು ಎಸಳಿನವು ಮೂರು, ಆರಿನವು ಇಪ್ಪತ್ತನಾಲ್ಕು, ಏಳಿನವು ಹನ್ನೊಂದು, ಎಂಟಿನವು ಎರಡು. ನಾನು ಹಾಳೆಯ ಮೇಲೆ ಅಡ್ಡ ಗೆರೆ ಎಳೆದು ‘ಸರಿಯಾಗಿ ಎಣಿಸು’ ಎಂದು ಕೆಂಪು ಶಾಯಿಯಲ್ಲಿ ಬರೆದೆ.

“ಎಣಸೀನ್ರಿ ಟೀಚರ್. ಆರೇ ಅದಾವ್ರಿ” ಅಂದಳು.

“ಐದ ಇರ್ತಾವ. ಕಣ್ಣು ತೆರದು ಎಣಸು.”

ಮರುವಾರವೂ ಹೆಚ್ಚುಕಡಿಮೆ ಅವೇ ಅಂಕಿಗಳು. ಆ ಭಾನುವಾರ ಪಾಲಕರನ್ನು ಕರೆದು ಮಕ್ಕಳ ಕೆಲಸ ತೋರಿಸುವ ಹುಮ್ಮಸ್ಸಿನಲ್ಲಿದ್ದ ನನಗೆ ರೇಗಿತು. “ಐದರ ತನಕ ಎಣಸಾಕ ಬರಂಗಿಲ್ಲ ಅಂದ್ರ ಮುಂದಿಂದು ನಿನಗ ಹ್ಯಾಂಗ ಕಲಸ್ಲಿ?” ಎಂದು ಉಳಿದಿಬ್ಬರ ಎದುರಿಗೇ ಅಂದೆ. ನರ್ಸಿನ ಮಗ ನಕ್ಕ. ಅವಳು ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಮೂರನೆಯ ಸಲ ನಲವತ್ತಕ್ಕೆ ನಲವತ್ತೂ ಐದು. ನಾನು ‘ಶಾಭಾಸ್’ ಎಂದು ಬರೆದು ಗೋಡೆಗೆ ಹಚ್ಚಿದೆ. ಭಾನುವಾರ ಅವಳ ತಂದೆ ಆ ಹಾಳೆಯ ಮುಂದೆ ಬಹಳ ಹೊತ್ತು ನಿಂತರು. “ನಿಮ್ಮ ಮೆಹರ್ಬಾನಿ ಮೇಡಂ. ಸಾಲ್ಯಾಗ ಯಾರೂ ಇಕಿಗೆ ಶಾಭಾಸ್ ಅಂದಿದ್ದಿಲ್ಲ” ಎಂದರು. ನಾನು ಆ ಮಾತನ್ನು ಸುಖವಾಗಿ ಕೇಳಿಸಿಕೊಂಡೆ.

ಹದಿನೈದು ದಿನದ ಮೇಲೆ ಭಾಲ್ಕಿಗೆ ಹೋಗಿ, ಜೊತೆಗೆ ಕೆಲಸ ಮಾಡಿದ ಗೆಳತಿಯ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಅಂಗಳದಲ್ಲಿ ಪಾರಿಜಾತ ಉದುರಿ ಬಿದ್ದಿತ್ತು. ಸುಮ್ಮನೆ ಒಂದನ್ನು ಎತ್ತಿಕೊಂಡೆ. ಆರು ಎಸಳು. ಇನ್ನೊಂದು, ಆರು. ಮತ್ತೊಂದು, ಏಳು. ನೆಲಕ್ಕೆ ಕೂತು ಸೆರಗಿನ ತುಂಬ ಆರಿಸಿಕೊಂಡು ಎಣಿಸಿದೆ. ಐದು ಎಸಳಿನದು ಸಿಗುವುದೇ ಕಷ್ಟವಾಯಿತು. ಹುಟ್ಟಿದಂದಿನಿಂದ ಈ ಹೂವನ್ನು ನೋಡುತ್ತಿದ್ದೆ, ಒಮ್ಮೆಯೂ ಎಣಿಸಿರಲಿಲ್ಲ. ಗೆಳತಿ ಹೊರಗೆ ಬಂದು, “ಏನ್ ಎಣಸಲತ್ತೀರಿ?” ಎಂದಳು. “ಏನಿಲ್ರಿ” ಅಂದೆ. ಅವಳಿಗೂ ನಿಜ ಹೇಳಲು ಬಾಯಿ ಬರಲಿಲ್ಲ. ಚಹಾ ಕುಡಿಯದೆ ಬಸ್ಸಿಗೆ ಹೊರಟೆ.

ಬೀದರಿನಲ್ಲಿ ಇಳಿದು ನೇರ ಆ ಹುಡುಗಿಯ ಮನೆಗೆ ಹೋದೆ. ಅವಳ ಅಜ್ಜಿ ಕುರ್ಚಿ ತಂದು ಹಾಕಿದರು. ಹುಡುಗಿ ಬಾಗಿಲಿಗೆ ಒರಗಿ ನಿಂತಳು.

“ಪಾರಿಜಾತಕ್ಕ ಆರು, ಏಳು ಅದಾವ. ನೀ ಬರದದ್ದು ಖರೆ ಇತ್ತು” ಅಂದೆ. “ಮತ್ತ ಮೂರನೇ ಸಲ ಎಲ್ಲಾ ಐದು ಅಂತ ಯಾಕ ಬರದಿ?”

“ನಿಮಗ ಐದ ಬೇಕಾಗಿದ್ವಲ್ರಿ.”

“ಅದಕ್ಕ ಸುಳ್ಳು ಬರದೇನು?”

“ಸುಳ್ಳು ಬರದಿಲ್ರಿ. ಸುಳ್ಳು ಬರೀಬಾರ್ದು ಅಂತ ನಮ್ಮ ಅಬ್ಬಾ ಹೇಳ್ಯಾರ. ಹೆಚ್ಚಿನ್ವು ಕಿತ್ತಿ ಐದು ಮಾಡಿ, ಆಮ್ಯಾಲ ಎಣಸೀನ್ರಿ.”

ಒಂಬತ್ತು ವರ್ಷದ ಮಗು ಬೆಳಗಿನ ಹೊತ್ತು ಮರದ ಕೆಳಗೆ ಕೂತು, ಒಂದೊಂದು ಹೂವಿನ ಎಸಳು ಕಿತ್ತು ಟೀಚರ್ ಹೇಳಿದ ಲೆಕ್ಕಕ್ಕೆ ಹೊಂದಿಸಿದ್ದಳು. ದಾರ ಕಟ್ಟಿ ಬಂದ ನಾನು ಮಾಡಿದ್ದೂ ಅದೇ. ಆದರೆ ಅವಳಿಗೆ ಸುಳ್ಳಿನ ಭಯವಿತ್ತು, ನನಗೆ ಅದೂ ಇರಲಿಲ್ಲ. “ನಂದು ತಪ್ಪಾಯ್ತು” ಅಂದೆ. ಅಜ್ಜಿಗೆ ಮುಜುಗರವಾಗಿ, “ಬಚ್ಚಿ ಅದ, ಬಿಡ್ರಿ” ಎಂದರು, ತಪ್ಪು ಮೊಮ್ಮಗಳದೇ ಎಂಬಂತೆ.

ಮುಂದಿನ ಪಾಠದ ದಿನ ಮೂವರನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ, ದಾರದ ಸಂಗತಿಯನ್ನೂ. ದೊಡ್ಡ ಹುಡುಗಿ ನಿಧಾನವಾಗಿ, “ಹಂಗಾದ್ರ ಅದಕ್ಕ ಹುಳ ಹತ್ತಿದ್ದಿಲ್ಲೇನ್ರಿ?” ಎಂದು ಕೇಳಿದಳು. “ಇಲ್ಲ” ಅಂದೆ. ಸಣ್ಣ ಹುಡುಗಿಯ ತಂದೆಗೂ ಫೋನು ಮಾಡಿ ಹೇಳಿದೆ. “ನೀವೇ ಹೇಳಿದ್ರಲ್ಲ ಮೇಡಂ, ಸಾಕು” ಎಂದರು.

‘ಶಾಭಾಸ್’ ಹಾಳೆಯನ್ನು ತೆಗೆದು ಅವಳ ಮೊದಲ ಹಾಳೆ ಹಚ್ಚಬೇಕೆಂದುಕೊಂಡೆ. ಅದನ್ನು ಕೇಳಿದಾಗ, ಹರಿದು ಎಸೆದೆ ಎಂದಳು. ಆದರೆ ತಾನೇ ಇನ್ನೊಮ್ಮೆ ಎಣಿಸುತ್ತೇನೆಂದಳು. ಈ ಸಲ ನೂರು ಹೂ. ಅಂಕಿಗಳನ್ನು ಚೌಕ ಚೌಕವಾಗಿ ಬರೆದು ತಂದಳು. ಅದು ಗೋಡೆಯ ಮೇಲಿದೆ.

ಈಗಲೂ ಅವಳು ಪಾಠಕ್ಕೆ ಬರುತ್ತಾಳೆ, ಭಿನ್ನರಾಶಿಯವರೆಗೆ ಬಂದಿದ್ದೇವೆ. ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ, ಹೇಳುವ ಮೊದಲು ಒಮ್ಮೆ ನನ್ನ ಮುಖ ನೋಡುತ್ತಾಳೆ. ಏನು ಬೇಕಾಗಿದೆ ಎಂದು ಅಲ್ಲಿ ಹುಡುಕುತ್ತಾಳೆ. ಅದಕ್ಕೆ ನಾನು ಪ್ರಶ್ನೆ ಕೇಳಿ, ಅವಳು ಬಾಯಿ ತೆರೆಯುವವರೆಗೆ ಕಿಟಕಿಯ ಕಡೆ ತಿರುಗಿ ಕೂರುವುದನ್ನು ರೂಢಿ ಮಾಡಿಕೊಂಡಿದ್ದೇನೆ.