ಗೇಟಿನ ಮುಂದೆ ಓದಿದ ಅರ್ಜಿ

ಮಂತ್ರಿಗಳನ್ನಾಗಲಿ ಅಧಿಕಾರಿಗಳನ್ನಾಗಲಿ ಕಾಣಲು ಚಿಕ್ಕೋಡಿಯ ಹತ್ತಿರದ ಆ ಸಕ್ಕರೆ ಕಾರ್ಖಾನೆ ಕಳಿಸುತ್ತಿದ್ದುದು ಗಂಗಾರಾಮರನ್ನೇ. ಅವರು ನಿವೃತ್ತರಾಗಿ ಎರಡು ವರ್ಷವಾದರೂ ಹೆಂಡತಿ ಅಕ್ಕುತಾಯಿಗೆ ಅವರು ಹೊರಡುವ ದಿನದ ಸಡಗರ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬುತ್ತಿಯಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ. ಮಂತ್ರಿಗಳ ಬಂಗಲೆಯ ಚಹಾ ಕೂಡ ಅವರು ಮುಟ್ಟುತ್ತಿರಲಿಲ್ಲ. ಒಯ್ದು ಕೊಡಿರೆಂದು ಕಾರ್ಖಾನೆಯವರು ಕೊಟ್ಟ ಶಾಲು, ಪೇಢೆಯ ಡಬ್ಬಿಗಳನ್ನು ಕಾರ್ಖಾನೆಯ ಮೇಜಿನ ಮೇಲೆಯೇ ಮರೆತಂತೆ ಮಾಡಿ ಬಿಟ್ಟು ಹೋಗುವರು. ಹೊರಡುವ ಮೊದಲು ಗೇಟಿನಲ್ಲಿ, ಕಬ್ಬಿನ ಗಾಡಿಗಳ ಸಾಲಿನ ಮುಂದೆ ನಿಂತು, ಸರ್ಕಾರಕ್ಕೆ ಬರೆದ ಅರ್ಜಿಯನ್ನು ಗಟ್ಟಿಯಾಗಿ ಓದಲೇಬೇಕು. ಎತ್ತುಗಳಿಗೂ ಅದು ಬಾಯಿಪಾಠವಾಗಿದೆಯೆಂದು ಜನ ನಗುತ್ತಿದ್ದರು. “ಕಾಕಾ, ಸಾಹೇಬ್ರಿಗೆ ಹೇಳೂದನ್ನ ನಮಗ್ಯಾಕ ಹೇಳ್ತೀರಿ?” ಎಂದು ಗಾಡಿಯವರು ಕೆಣಕಿದರೆ, “ನಿಮ್ಮ ಮುಂದ ಓದಾಕ ನಾಚಿಕಿ ಆಗೂ ಮಾತು ಅಲ್ಲಿ ಹೋಗಿ ಹೆಂಗ ಆಡ್ಲೆಪ್ಪಾ?” ಎನ್ನುವರು. ಒಮ್ಮೆ ಮಂತ್ರಿಗಳೇ, “ನಿಮ್ಮ ಮನೀದ ಏನರ ಕೆಲಸ ಇದ್ರ ಹೇಳ್ರಿ” ಎಂದರಂತೆ. ಚಿಕ್ಕೋಡಿಯ ಮನೆಯಿಂದ ಕೊಗನೊಳ್ಳಿಯ ಶಾಲೆಗೆ ದಿನಾ ನಿಪ್ಪಾಣಿಯಲ್ಲಿ ಬದಲಿಸಿ ಎರಡು ಬಸ್ಸು ಹಿಡಿದು ಪಾಠ ಮಾಡಲು ಹೋಗುತ್ತಿದ್ದ ಅಕ್ಕುತಾಯಿಯ ವರ್ಗಾವಣೆಯ ಅರ್ಜಿ ಆಗ ಆರು ವರ್ಷ ಹಳೆಯದು. “ನಾ ಕಾರ್ಖಾನಿ ಕೆಲಸಕ್ಕ ಬಂದೇನ್ರಿ” ಎಂದು ಗಂಗಾರಾಮರು ಕೈಮುಗಿದು ಬಂದುಬಿಟ್ಟರು. “ಕಾರ್ಖಾನಿ ಅರ್ಜಿ ಎಲ್ಲಾ ನಿಮ್ಮ ಕೈಯಾಗ ಹೋಗ್ತಾವ, ನಂದಷ್ಟ ಟಪಾಲಿನ್ಯಾಗ ಹೋಗಬೇಕನ್ರಿ?” ಎಂದು ಅವಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ಸಂಜೆ ಅವಳು ನಿಪ್ಪಾಣಿ ನಿಲ್ದಾಣದಲ್ಲಿ ಇಳಿದಾಗ, ಗಂಗಾರಾಮರು ಚಿಕ್ಕೋಡಿ ಬಸ್ಸಿನ ಕಿಟಕಿಯೊಳಗೆ ಟವೆಲ್ ಹಾಕಿ ಅವಳಿಗೊಂದು ಸೀಟು ಹಿಡಿದಿದ್ದರು. ವರ್ಗಾವಣೆ ಬರಲೇ ಇಲ್ಲ. ಅವಳು ನಿವೃತ್ತಳಾಗುವವರೆಗೆ ಒಂಬತ್ತು ವರ್ಷ, ಸಂಜೆಯಾದರೆ ನಿಪ್ಪಾಣಿಗೆ ಬಂದು ಅವಳನ್ನು ಕೂಡಿಸಿ, ತಾವು ಚಿಕ್ಕೋಡಿಯವರೆಗೂ ಪಕ್ಕದಲ್ಲಿ ನಿಂತೇ ಬರುತ್ತಿದ್ದರು.