ತಾತ, ಜಾಗಟೆ ಮತ್ತು ವನಜತ್ತೆಯ ಮನಶ್ಶಾಸ್ತ್ರ

ಆಗಿನ್ನೂ ವೇಲಚೇರಿಯಲ್ಲಿ ಫ್ಲ್ಯಾಟುಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಕೆರೆಯ ಕಡೆಯಿಂದ ಗಾಳಿ ಬೀಸಿದರೆ ಕೆಸರಿನ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಕರೆಂಟು ಹೋದರೆ ಇಡೀ ಕಟ್ಟಡದವರು ಬಾಗಿಲು ತೆರೆದಿಟ್ಟು, ಮೆಟ್ಟಿಲ ಮೇಲೆ ಬೀಸಣಿಗೆ ಹಿಡಿದು ಕೂರುತ್ತಿದ್ದ ಕಾಲ ಅದು, ತೊಂಬತ್ತರ ದಶಕದ ಕೊನೆ. ನಮಗೆ ಮಕ್ಕಳಿಗೆ ಸೆಖೆಯ ಯೋಚನೆಯೇ ಇರಲಿಲ್ಲ, ಬೀದಿಯಲ್ಲಿ ನುಂಗು, ಅಂದರೆ ಎಳೆ ತಾಳೆಹಣ್ಣು, ಮಾರುವವನು ಬಂದರೆ ಸಾಕು. ತಾತ ಅದರ ತೆಳು ಸಿಪ್ಪೆ ಸುಲಿದು, ಒಳಗಿನ ನೀರು ಚೆಲ್ಲದ ಹಾಗೆ ಬಟ್ಟಲಿಗೆ ಹಾಕಿ ಕೊಡುತ್ತಿದ್ದರು. ನೀವೂ ಮದರಾಸಿನ ಬೇಸಿಗೆ ಕಂಡವರಾದರೆ ಆ ತಂಪು ನಿಮ್ಮ ನಾಲಿಗೆಗೂ ನೆನಪಿದ್ದೀತು.

ಆ ವರ್ಷ ನಮ್ಮನ್ನು ಬೆಚ್ಚಿಬೀಳಿಸಿದ್ದು ಸೆಖೆಯಲ್ಲ, ಮನಶ್ಶಾಸ್ತ್ರ. ಅಪ್ಪನ ತಂಗಿ ವನಜತ್ತೆ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುತ್ತಲೇ ಅಂಚೆ ಮೂಲಕ ಎಂ.ಎ. ಓದುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಿತ್ತು, ರಜ ಹಾಕಿ ಮನೆಯಲ್ಲಿದ್ದಳು. ಓದಿದ್ದನ್ನು ಯಾರಿಗಾದರೂ ಕನ್ನಡದಲ್ಲಿ ಗಟ್ಟಿಯಾಗಿ ಹೇಳದಿದ್ದರೆ ಅವಳ ತಲೆಗೆ ಹತ್ತುತ್ತಿರಲಿಲ್ಲ. ಕೇಳಲು ಸಿಕ್ಕವರು ರೈಲ್ವೆಯಿಂದ ನಿವೃತ್ತರಾದ ತಾತ ಮತ್ತು ಒಂಬತ್ತು ವರ್ಷದ ನಾನು.

ತಾತನಿಗೆ ಒಂದೊಂದು ಪಾಠವೂ ಒಂದೊಂದು ಆಘಾತ. ನಮಗೇ ಗೊತ್ತಿಲ್ಲದ ಇನ್ನೊಂದು ಮನಸ್ಸು ಒಳಗೆ ಅಡಗಿದೆ, ಕನಸಿನಲ್ಲಿ ಅದು ಬಾಯಿಬಿಡುತ್ತದೆ ಎಂದು ವಿಯೆನ್ನಾದ ಡಾಕ್ಟರೊಬ್ಬರು ಹೇಳಿದ್ದಾರೆಂದು ಕೇಳಿದ ದಿನದಿಂದ ಅವರು ತಮಗೆ ಬಿದ್ದ ಕನಸನ್ನು ಯಾರಿಗೂ ಹೇಳುವುದನ್ನೇ ಬಿಟ್ಟರು. ರಷ್ಯಾದಲ್ಲಿ ಊಟದ ಮುಂಚೆ ದಿನಾ ಒಂದು ಸದ್ದು ಕೇಳಿಸಿ, ಕೊನೆಗೆ ಬರೀ ಸದ್ದಿಗೇ ನಾಯಿ ಜೊಲ್ಲು ಸುರಿಸುವಂತೆ ಮಾಡಿದರಂತೆ. "ಬಾಯಿಲ್ಲದ ಪ್ರಾಣಿಗೆ ಇಷ್ಟು ಮೋಸವೇ!" ಎಂದು ತಾತ ಎದ್ದೇ ಹೋದರು. ಅಗಲ ಲೋಟದ ನೀರನ್ನು ಉದ್ದ ಲೋಟಕ್ಕೆ ಸುರಿದರೆ ಪುಟ್ಟ ಮಕ್ಕಳು ನೀರು ಹೆಚ್ಚಾಯಿತು ಅನ್ನುತ್ತಾರೆ ಎಂಬ ಸ್ವಿಸ್ ಪಂಡಿತರ ಮಾತು ಕೇಳಿದ್ದೇ, ಅಗಲ ಬಾಯಿಯ ಡವರಾದಲ್ಲಿದ್ದ ಕಾಫಿಯನ್ನು ಲೋಟಕ್ಕೆ ಸುರಿದು ನನ್ನನ್ನು ಪರೀಕ್ಷೆ ಮಾಡಿದರು. ದಿನಬೆಳಗಾದರೆ ಅದನ್ನೇ ನೋಡುವ ನಾನು "ಅಷ್ಟೇ ಇದೆ" ಎಂದ ಮೇಲೆಯೇ ಅವರಿಗೆ ಸಮಾಧಾನ.

ಎಲ್ಲಕ್ಕಿಂತ ಅವರಿಗೆ ಸಿಟ್ಟು ತರಿಸಿದವರು ಅಮೆರಿಕದ ವರ್ತನವಾದಿಗಳು.

"ಇವ್ರು ಮನಸ್ಸಿನ ಮಾತೇ ಬೇಡ ಅಂತಾರೆ ಅಪ್ಪಾ. ಕಣ್ಣಿಗೆ ಕಾಣೋ ನಡವಳಿಕೆ ನೋಡಿದ್ರೆ ಸಾಕಂತೆ," ಎಂದಳು ಅತ್ತೆ.

"ಮನಸ್ಸೇ ಬೇಡಾಂದ್ಮೇಲೆ ಮನಶ್ಶಾಸ್ತ್ರ ಯಾಕೇ? ಅದಕ್ಕೊಂದು ಎಂ.ಎ. ಬೇರೆ ಕೇಡು!"

ನಾವು ನಕ್ಕೆವು. ಆದರೆ ಮನೆಯಲ್ಲಿ ಆಗ ನಗಲಾಗದ ಸಂಗತಿಯೊಂದು ನಡೆಯುತ್ತಿತ್ತು. ಎರಡು ವರ್ಷದ ನನ್ನ ತಮ್ಮ ಕಿಟ್ಟು, ತಾತನನ್ನು ಕಂಡರೆ ಕಿಟಾರನೆ ಕಿರುಚುತ್ತಿದ್ದ. ಪಕ್ಕದ ಮನೆಯ ಮಾಮಿಯಿಂದ ಕಲಿತ ತಮಿಳಿನಲ್ಲಿ "ತಾತಾ ವೇಣ್ಡಾಂ! ವೇಣ್ಡಾಂ!" ಎಂದು, ತಾತ ಬೇಡವೇ ಬೇಡವೆಂದು, ಅಮ್ಮನ ಸೀರೆಯೊಳಗೆ ಮುಖ ಹುದುಗಿಸುತ್ತಿದ್ದ. ಹಿಂದೆ ಅದೇ ತಾತನ ಎದೆಯ ಬಿಳಿ ಕೂದಲನ್ನು ಹಿಡಿದೆಳೆದು ಕಿಲಕಿಲ ನಗುತ್ತಿದ್ದ ಮಗು. ಬರಬರುತ್ತ ಮಾಮಿಯ ಬಿಳಿ ನಾಯಿಮರಿಗೂ, ದೀಪದ ಬತ್ತಿಗೆಂದು ತಾತ ಬಿಡಿಸಿಟ್ಟ ಹತ್ತಿಗೂ ಹೆದರತೊಡಗಿದ. ಮಾಮಿ "ಕಣ್ಣು ಪಟ್ಟುಡುತ್ತು" ಎಂದು, ದೃಷ್ಟಿಯಾಗಿದೆಯೆಂದು, ತೀರ್ಪು ಕೊಟ್ಟರು. ಅಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿ ತಾಗಿದ್ದರೆ ಘಾಟು ಬರಬಾರದು, ನಾವೆಲ್ಲ ಕೆಮ್ಮಿ ಕೆಮ್ಮಿ ಸುಸ್ತಾದೆವು. ದೃಷ್ಟಿಯಲ್ಲ ಎಂದು ಗೊತ್ತಾಯಿತು, ಮತ್ತೇನೆಂದು ಗೊತ್ತಾಗಲಿಲ್ಲ.

ತಾತ ಕಿಟ್ಟು ಮಲಗಿದ ಮೇಲೆ ಊಟಕ್ಕೆ ಬರತೊಡಗಿದರು. "ನಾನೇನು ಮಾಡಿದ್ನಮ್ಮಾ ಅವನಿಗೆ?" ಎಂದು ನನ್ನನ್ನೇ ಕೇಳಿದರು ಒಮ್ಮೆ. ಆ ಮುಖ ನೋಡಲು ನನ್ನಿಂದಾಗಲಿಲ್ಲ.

ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಅಮ್ಮ ಕಿಟ್ಟುವನ್ನು ಒಳಕೋಣೆಯಲ್ಲಿ ಮಲಗಿಸಿದ್ದಳು. ತಾತ ಬತ್ತಿ ಹೊಸೆಯುತ್ತ ಕೂತಿದ್ದರು. ಅತ್ತೆ ಓದುತ್ತ ಓದುತ್ತ "ಅಯ್ಯಯ್ಯೋ" ಎಂದಳು.

"ಏನಂತೆ?"

"ಒಂದು ಹಸುಗೂಸಿಗೆ ಬಿಳಿ ಇಲಿ ತೋರಿಸಿದ್ರಂತೆ ಅಪ್ಪಾ. ಮೊದಲು ಮಗು ಖುಷಿಯಾಗಿ ಮುಟ್ಟೋಕೆ ಹೋಯ್ತು. ಆಮೇಲೆ ಮುಟ್ಟಿದಾಗೆಲ್ಲ ಅದರ ತಲೆ ಹಿಂದೆ ಕಬ್ಬಿಣದ ಸಲಾಕೆಗೆ ಸುತ್ತಿಗೇಲಿ ಢಣ್ಣಂತ ಹೊಡೆದ್ರಂತೆ. ಕೊನೆಗೆ ಇಲಿ ಕಂಡ್ರೇ ಅಳೋಕೆ ಶುರುಮಾಡ್ತು. ಮೊಲಕ್ಕೂ ಹೆದರ್ತು, ಬಿಳಿ ಗಡ್ಡದ ಮುಖವಾಡಕ್ಕೂ ಹೆದರ್ತು."

"ಆಮೇಲೆ ಸರಿ ಮಾಡಿದ್ರಾ ಅತ್ತೆ?" ಎಂದೆ.

"ಇಲ್ಲ ಕಣೇ. ಅಷ್ಟರಲ್ಲಿ ತಾಯಿ ಮಗೂನ ಕರ್ಕೊಂಡು ಹೊರಟುಹೋದ್ಲಂತೆ."

ನನಗೆ ನಂಬಲಿಕ್ಕೇ ಆಗಲಿಲ್ಲ. ದೊಡ್ಡವರು, ಅದೂ ಓದಿದವರು, ಬೇಕೆಂದೇ ಒಂದು ಮಗುವಿಗೆ ಹೆದರಿಕೆ ಹಾಕಿ ಹಾಗೇ ಬಿಟ್ಟುಬಿಡುವುದೇ? ತಾತನ ಬಾಯಿಂದ ಒಳ್ಳೆಯ ಬೈಗುಳ ಬರುತ್ತದೆಂದು ತಿರುಗಿ ನೋಡಿದೆ. ಅವರ ಕೈ ನಿಂತುಹೋಗಿತ್ತು.

"ವನಜಾ, ಮಗು ಹೆದರಿದ್ದು ಸಲಾಕೆಗಲ್ವಾ?"

"ಅಲ್ಲಪ್ಪಾ. ಇಲಿಗೆ."

ತಾತ ಕೈಲಿದ್ದ ಹತ್ತಿಯನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ಆ ಇಲಿ ನಾನೇ ಕಣೇ," ಎಂದರು.

ಆಗ ನಮಗೆ ಹೊಳೆಯಿತು. ದಿನಾ ಬೆಳಗ್ಗೆ ಅಪ್ಪ ಬ್ಯಾಂಕಿಗೆ ಹೊರಡುವ ಮುಂಚೆ ಪೂಜೆ ಮುಗಿಸಿ ಮಂಗಳಾರತಿ ಎತ್ತುತ್ತಿದ್ದರು. ಆಗ ಮನೆಯ ಕಿರಿಯ ಮಗುವನ್ನು ಎಡಗೈಯಲ್ಲಿ ಎತ್ತಿಕೊಂಡು, ಮೊಳೆಗೆ ತೂಗುಹಾಕಿದ ಕಂಚಿನ ಜಾಗಟೆಯನ್ನು ಬಲಗೈಯಲ್ಲಿ ಬಾರಿಸುವುದು ತಾತನ ಪದ್ಧತಿ. ಅಪ್ಪನನ್ನೂ ಅತ್ತೆಯನ್ನೂ ನನ್ನನ್ನೂ ಹಾಗೇ ಎತ್ತಿಕೊಂಡವರು. ಆದರೆ ಅದು ತಿರುವಲ್ಲಿಕೇಣಿಯ ಹಳೆಯ ಮನೆಯಲ್ಲಿ. ಅಲ್ಲಿ ನಡುವೆ ತೆರೆದ ಅಂಗಳವಿತ್ತು, ಸದ್ದು ಆಕಾಶಕ್ಕೆ ಹೋಗುತ್ತಿತ್ತು. ಈ ಫ್ಲ್ಯಾಟಿನಲ್ಲಿ ದೇವರಿಗೆ ಸಿಕ್ಕಿದ್ದು ಅಡುಗೆಮನೆ ಪಕ್ಕದ ಒಂದು ಗೂಡು. ಸದ್ದು ಗೋಡೆಗೆ ಬಡಿದು ನೇರ ಮಗುವಿನ ಕಿವಿಗೇ ಬರುತ್ತಿತ್ತು. ಕಿಟ್ಟು ಅತ್ತಷ್ಟೂ, ಅಭ್ಯಾಸವಾಗಲಿ ಎಂದು ತಾತ ಇನ್ನೂ ಬಿಗಿಯಾಗಿ ಎದೆಗವಚಿಕೊಂಡು ಬಾರಿಸಿದ್ದರು. ಪ್ರೀತಿಯಿಂದಲೇ ಬಾರಿಸಿದ್ದರು.

ಮರುದಿನ ಜಾಗಟೆ ಮೊಳೆಯಿಂದ ಇಳಿದು ಅಟ್ಟ ಸೇರಿತು. ಅತ್ತೆ ಪುಸ್ತಕದಲ್ಲಿ ಇನ್ನೊಂದು ಕಡೆ ಉಪಾಯವನ್ನೂ ಹುಡುಕಿದಳು. ಮೊಲಕ್ಕೆ ಹೆದರುತ್ತಿದ್ದ ಹುಡುಗನೊಬ್ಬನಿಗೆ ಇಷ್ಟದ ತಿಂಡಿ ಕೊಡುತ್ತ, ಮೊಲವನ್ನು ದಿನದಿನವೂ ಸ್ವಲ್ಪ ಸ್ವಲ್ಪವೇ ಹತ್ತಿರ ತಂದು ಒಬ್ಬ ಹೆಣ್ಣುಮಗಳು ಆ ಭಯ ಬಿಡಿಸಿದ್ದಳಂತೆ. ಸರಿ, ಕಿಟ್ಟುವಿಗೆ ಅಮ್ಮ ನುಂಗು ತಿನ್ನಿಸುವಾಗ ತಾತ ಬಾಗಿಲ ಬಳಿ ಕೂತರು. ಬಿಳಿ ಪಂಚೆ ಬಿಟ್ಟು ಅಪ್ಪನ ನೀಲಿ ಲುಂಗಿ ಉಟ್ಟು, ಅಂಗಿ ತೊಟ್ಟುಕೊಂಡು. ಮಡಿಯ ತಾತ ಲುಂಗಿಯಲ್ಲಿ! ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆವು. ದಿನಾ ನೆಲದ ಒಂದೊಂದು ಟೈಲ್ಸ್ ಮುಂದಕ್ಕೆ ಅವರ ಮಣೆ ಸರಿಯಿತು.

ಶಾಲೆ ಶುರುವಾಗುವ ಹೊತ್ತಿಗೆ ಒಂದು ಸಂಜೆ ಕಿಟ್ಟು ತಾನಾಗಿ ಎದ್ದು, ತಾತನ ಮುಂದೆ ನಿಂತು, ಎರಡೂ ಕೈ ಮೇಲೆತ್ತಿ "ತಾತಾ, ತೂಕ್ಕು" ಎಂದ. ಎತ್ತಿಕೋ ಎಂದು.

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ತಾತ ಕೈ ಚಾಚಿದರು. ಅರ್ಧಕ್ಕೇ ಆ ಕೈ ನಿಂತಿತು. ಮತ್ತೆ ಚಾಚಿದರು, ಮತ್ತೆ ಹಿಂದಕ್ಕೆಳೆದುಕೊಂಡರು. "ಬೇಡ, ಬೇಡ... ನೀನೇ ಎತ್ಕೊಳಮ್ಮಾ," ಎಂದು ಅಮ್ಮನಿಗೆ ಹೇಳಿ ಎದ್ದು ಬಾಲ್ಕನಿಗೆ ಹೋಗಿಬಿಟ್ಟರು. ಮಗುವಿನ ಹೆದರಿಕೆಗೆ ಪುಸ್ತಕದಲ್ಲಿ ಮದ್ದಿತ್ತು, ತಾತನ ಹೆದರಿಕೆಗೆ ಇರಲಿಲ್ಲ. ಅತ್ತೆ ಎಷ್ಟು ಹೇಳಿದರೂ ಅವರು ಮತ್ತೆ ಕಿಟ್ಟುವನ್ನು ಎತ್ತಿಕೊಳ್ಳಲೇ ಇಲ್ಲ. ಕತೆ ಹೇಳಿದರು, ಮಗ್ಗಿ ಕಲಿಸಿದರು, ಪಕ್ಕದಲ್ಲಿ ಕೂತರು. ಮುಟ್ಟಲಿಲ್ಲ.

ಈಗ ವೇಲಚೇರಿಯಲ್ಲಿ ಖಾಲಿ ಸೈಟಿಲ್ಲ, ಕೆರೆಯೂ ಅರ್ಧಕ್ಕರ್ಧ ಇಲ್ಲ. ಆ ಕಟ್ಟಡದಲ್ಲಿ ಹಗಲು ಬಾಗಿಲು ತೆರೆದಿಡುವವರಿಲ್ಲ. ತಾತ ಹೋಗಿಯೂ ಬಹಳ ವರ್ಷವಾಯಿತು. ಅದಕ್ಕೆಲ್ಲ ಮನಸ್ಸು ಒಗ್ಗಿಕೊಂಡಿದೆ ಎಂದುಕೊಂಡಿದ್ದೆ. ಮೊನ್ನೆ ಕಿಟ್ಟು ಹಳೆಯ ಫೋಟೋಗಳನ್ನು ನೋಡುತ್ತಿದ್ದವನು ಇದ್ದಕ್ಕಿದ್ದಂತೆ ಕೇಳಿದ:

"ತಾತನಿಗೆ ನಾನಂದ್ರೆ ಅಷ್ಟಕ್ಕಷ್ಟೇ ಅಲ್ವಾ ಅಕ್ಕಾ? ಎಲ್ಲಾದ್ರಲ್ಲೂ ಕೈ ಹಿಂದೆ ಕಟ್ಕೊಂಡು ನಿಂತಿದಾರೆ. ಒಂದು ಸಲಾನಾದ್ರೂ ನನ್ನ ಎತ್ಕೊಂಡಿದ್ರಾ?"

ಆ ಭಯ ಅವನಿಂದ ಹೋಗುವಾಗ ತಾತನ ತೋಳಲ್ಲಿದ್ದ ಆ ಬೆಳಗುಗಳೂ ಅದರ ಜೊತೆಗೇ ಅವನ ನೆನಪಿನಿಂದ ಹೋಗಿದ್ದವು.

"ದಿನಾ ಎತ್ಕೊಳ್ತಿದ್ರು ಕಣೋ," ಎಂದೆ. "ಎಷ್ಟು ಬಿಗಿಯಾಗಿ ಗೊತ್ತಾ?"

ಅವನು ನಂಬಲಿಲ್ಲ.