ಕಂಬೈನಲ್ಲೂರಿನ ಗೋಡೆಯ ಮೇಲಿನ ಕುರಿ

ಬೆಂಗಳೂರಿನಿಂದ ಬೆಳಗಿನ ಬಸ್ಸಿಗೆ ಹೊರಟು, ಹೊಸೂರು, ಕೃಷ್ಣಗಿರಿ ದಾಟಿ ಧರ್ಮಪುರಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಾನಾಗ ಒಂದು ಜಾಹೀರಾತು ಕಚೇರಿಯಲ್ಲಿದ್ದೆ. ಕುರಿಗಳಿಗೆ ಸಿಡುಬು ಬಾರದಂತೆ ಚುಚ್ಚುವ ಮದ್ದಿನ ಪ್ರಚಾರವನ್ನು ನಮ್ಮವರು ವಹಿಸಿಕೊಂಡಿದ್ದರು. ಊರೂರಿನ ಗೋಡೆಗಳಿಗೆ ಪೋಸ್ಟರ್ ಅಂಟಿಸಿದ್ದರೂ ಕಂಬೈನಲ್ಲೂರಿನ ಶಿಬಿರಕ್ಕೆ ಒಂದು ಕುರಿಯೂ ಬಂದಿರಲಿಲ್ಲ. ಏಕೆಂದು ನೋಡಿ ಬರಲು, ಕನ್ನಡ ತಮಿಳು ಎರಡೂ ಬಲ್ಲವನೆಂದು ನನ್ನನ್ನು ಕಳಿಸಿದರು.

ಇನ್ನೊಂದು ಬಸ್ಸು ಹಿಡಿದು ಕಂಬೈನಲ್ಲೂರು ಸೇರಿದೆ. ಪಶುವೈದ್ಯ ಪೆರುಮಾಳ್ ಹುಣಿಸೆ ಮರದಡಿ ಐಸ್ ಪೆಟ್ಟಿಗೆಯ ಪಕ್ಕ ಸುಮ್ಮನೆ ಕೂತಿದ್ದರು. ನೆರೆಯೂರಲ್ಲಿ ಸಿಡುಬು ಕಾಣಿಸಿಕೊಂಡಿದೆ, ಇಲ್ಲಿಗೆ ಬರಲು ಹೆಚ್ಚು ದಿನ ಬೇಡ ಎಂದರು. ಎದುರು ಗೋಡೆಯಲ್ಲಿ ನಮ್ಮ ಪೋಸ್ಟರ್ ಚೆನ್ನಾಗಿಯೇ ಕಾಣುತ್ತಿತ್ತು: ಮೈತುಂಬಿದ ಕುರಿ, ಮದ್ದು ಹಾಕಿಸಿದ ಗುರುತಿಗೆ ಅದರ ಬೆನ್ನ ಮೇಲೆ ಕೆಂಪು ಪಟ್ಟಿ, ಕೆಳಗೆ ತಮಿಳಿನಲ್ಲಿ ಎರಡು ಸಾಲು.

ಸಂಜೆ ಕುರಿಗಾರರ ಹಟ್ಟಿಗೆ ನಡೆದೆ. ಅಲ್ಲಿ ಮನೆಮಾತು ಕನ್ನಡ. ಮಾದಮ್ಮ ಎಂಬ ಹಿರಿಯ ಹೆಂಗಸು ಮುದ್ದೆ, ಹುರುಳಿ ಸಾರು ಬಡಿಸಿದರು. ಉಣ್ಣುತ್ತ ಪೋಸ್ಟರಿನ ಮಾತೆತ್ತಿದೆ. ಸಂತೆಯಲ್ಲಿ ವ್ಯಾಪಾರಿ ತಾನು ಕೊಂಡ ಕುರಿಯ ಬೆನ್ನಿಗೆ ಕೆಂಪು ಬಳಿಯುತ್ತಾನಂತೆ. ಬಳಿದ ಮೇಲೆ ಅದು ಕಟುಕರ ಪಾಲು.

“ಊಸಿ ಆಕುಸುದ್ರೆ ಕುರಿ ಅವರ್ದಾಯ್ತದೆ ಅಂತ ಗೋಡೆ ಮೇಲೇ ಐತಲ್ಲ ಸಾರ್,” ಎಂದರು ಮಾದಮ್ಮ. ಊಸಿ ಎಂಬುದು ಸೂಜಿಮದ್ದಿಗೆ ಅವರು ಬಳಸುವ ತಮಿಳು ಮಾತು. ಪೋಸ್ಟರ್ ಓದಬಲ್ಲವರು ಹಟ್ಟಿಯಲ್ಲಿ ಕಡಿಮೆ. ಚಿತ್ರ ನೋಡಿಯೇ ತೀರ್ಮಾನಿಸಿದ್ದರು. ನೆರೆಮನೆಯ ಚಿನ್ನಪ್ಪನಂತೂ ತನ್ನ ಮಂದೆಯನ್ನು ಹೊಳೆಯಾಚೆಯ ಕುರುಚಲು ಕಾಡಿಗೆ ಅಟ್ಟಿಬಿಟ್ಟಿದ್ದ. ಕೆಂಪು ಪಟ್ಟಿಯ ಅರ್ಥವನ್ನು ನಾನು ಮಾದಮ್ಮನಿಗೆ ಬಿಡಿಸಿ ಹೇಳಿದೆ.

ಮರುದಿನ ಪೆರುಮಾಳ್ ಅವರನ್ನು ಹಟ್ಟಿಗೇ ಕರೆತಂದೆ. ಮಾದಮ್ಮ ಕೇಳಿದ್ದು ಇಷ್ಟೆ: “ಬಣ್ಣ ಬಳೀಬಾರ್ದು. ಊಸಿ ಆಕಿ ನನ್ ಕೈಗೇ ಬುಟ್ಟೋಗ್ಬೇಕು.” ವೈದ್ಯರು ಒಪ್ಪಿ, ಹಾಗೆಯೇ ಮದ್ದು ಚುಚ್ಚಿದರು. ಸಂಜೆಯಾದರೂ ಕುರಿಗಳು ಮಾದಮ್ಮನ ದೊಡ್ಡಿಯಲ್ಲೇ ಇದ್ದವು. ಜನ ಬಂದು ಬೇಲಿಯಾಚೆಯಿಂದ ನೋಡಿ ಹೋದರು. ಬೆಳಗಾದಾಗ ಹಟ್ಟಿಯ ಮಂದೆಗಳೆಲ್ಲ ಹುಣಿಸೆ ಮರದ ಸುತ್ತ ಸೇರಿದ್ದವು. ಹೊಳೆಯಾಚೆಗೆ ಚಿನ್ನಪ್ಪನಿಗೂ ಹೇಳಿಕಳಿಸಿದೆ.

ನಾನು ಹೊರಡುವ ದಿನ ಚಿನ್ನಪ್ಪ ಮಂದೆ ಹೊಡೆದುಕೊಂಡು ಬಂದ. ಹಲವು ಕುರಿಗಳ ಮೂತಿ, ಕಿವಿಗಳ ಮೇಲೆ ಬೊಕ್ಕೆ ಎದ್ದಿದ್ದವು. ರೋಗ ಹತ್ತಿದವಕ್ಕೆ ಈ ಮದ್ದು ನಾಟದು, ಬೇರೆ ಮಂದೆಗಳಿಂದ ದೂರವಿಡು ಎಂದು ಪೆರುಮಾಳ್ ತಗ್ಗಿದ ದನಿಯಲ್ಲಿ ಹೇಳಿದರು. ಚಿನ್ನಪ್ಪ ಒಂದು ಟಗರಿನ ಕತ್ತು ಸವರುತ್ತ ನಿಂತ. ಆಮೇಲೆ ನನ್ನ ಕಡೆ ತಿರುಗಿದ.

“ಈಗ ಬಾಯಲ್ಲಿ ಏಳ್ದಂಗೆ ಮೊದ್ಲೇ ಬಂದು ಏಳಕ್ಕೆ ಏನಾಗಿತ್ತು ಸಾರ್?”

ಕೇಳಿದವನೇ ನಿತ್ರಾಣಗೊಂಡಿದ್ದ ಮರಿಯೊಂದನ್ನು ಹೆಗಲಿಗೆ ಹಾಕಿಕೊಂಡು ಹೊರಟ.

ಮಧ್ಯಾಹ್ನದ ಬಸ್ಸಿನ ಕಿಟಕಿಯಿಂದ ಅವನು ಮತ್ತೆ ಕಂಡ. ಹೊಳೆಗೆ ನೇರ ದಾರಿಯಿತ್ತು. ಆದರೆ ಅಲ್ಲಿ ಬೇರೆಯವರ ಕುರಿಗಳು ಮೇಯುತ್ತಿದ್ದವು. ಅವನು ತನ್ನ ಮಂದೆಯನ್ನು ಕಲ್ಲುಗುಡ್ಡದ ಹಿಂದಿನಿಂದ, ಆ ಉರಿಬಿಸಿಲಲ್ಲಿ, ಸುತ್ತುಬಳಸಿ ಹೊಡೆದುಕೊಂಡು ಹೋಗುತ್ತಿದ್ದ.